ಅಕ್ಕನ ಖರ್ಚಿಗೂ ಬೇರೆ ಕಳಿಸಿ

ಇಂಗ್ಲೆಂಡಿಗೆ ಬಂದು ಎರಡೇ ತಿಂಗಳು, ಮಂಡ್ಯದಲ್ಲಿ ಅಮ್ಮನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯ್ತು, ಅಕ್ಕ ನೋಡಿಕೊಳ್ಳುತ್ತಿದ್ದಾಳೆ, ವಾಪಸ್ ಹೋಗಲಾ ಅಥವಾ ಇಲ್ಲೇ ದುಡಿದು ಕಳಿಸಲಾ ಅಂತ ಕೇಳಿದ್ದೀರಿ. ನಾನು ಬಂದು ಹದಿನಾಲ್ಕು ವರ್ಷ ಆಯಿತು. ಮದ್ದೂರಿನ ಹತ್ತಿರದ ಹಳ್ಳಿ ನಮ್ಮದು. ಅಪ್ಪನಿಗೆ ಗಂಟಲು ಕ್ಯಾನ್ಸರ್ ಆದಾಗ ನಾನೂ ಇದೇ ಲೆಕ್ಕ ಹಾಕಿದ್ದೆ.

ಮೊದಲು ರಜೆ. 2024ರ ಏಪ್ರಿಲ್‌ನಿಂದ ಇಲ್ಲಿ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ, ಮನೆಯವರ ಆರೈಕೆಗೆ ವರ್ಷಕ್ಕೆ ಒಂದು ವಾರ ರಜೆ ಕೇಳಬಹುದು. ಸಂಬಳ ಕೊಡಬೇಕು ಅಂತಿಲ್ಲ. ಆದರೆ ಸ್ಕಿಲ್ಡ್ ವರ್ಕರ್ ವೀಸಾದವರು, ಅಂದರೆ ಕೆಲಸ ಕೊಟ್ಟವರ ಸ್ಪಾನ್ಸರ್‌ಶಿಪ್ ಮೇಲೆ ಇಲ್ಲಿ ಇರುವವರು, ಹುಷಾರು, ಸಂಬಳವಿಲ್ಲದ ರಜೆ ವರ್ಷದಲ್ಲಿ ನಾಲ್ಕು ವಾರ ದಾಟಿದರೆ ಸಾಮಾನ್ಯವಾಗಿ ಸ್ಪಾನ್ಸರ್‌ಶಿಪ್‌ಗೇ ಕುತ್ತು. ಅಮ್ಮನನ್ನು ಇಲ್ಲಿಗೇ ಕರೆಸಿ ಇಟ್ಟುಕೊಳ್ಳುವ ವೀಸಾ ಸಿಗುವುದು ತುಂಬಾ ಕಷ್ಟ, ಆ ಆಸೆ ಬಿಡಿ.

ಇನ್ನು ದುಡ್ಡು. ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ, ಶೇ 30 ಅಷ್ಟೇ ಸಿಗುತ್ತದೆ. ಆದರೆ ರೋಗಿಯ ಪಕ್ಕ ಕೂರುವವರ ಖರ್ಚು ಯಾವ ಕಾರ್ಡಿಗೂ ಬರಲ್ಲ. ಅಪ್ಪನಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೇಡಿಯೇಷನ್, ವಾರಕ್ಕೆ ಐದು ದಿನದಂತೆ ಏಳು ವಾರ. ತಮ್ಮ ಅಲ್ಲೇ ರೂಮು ಮಾಡಿದ. ಬಾಡಿಗೆ, ಆಟೊ, ಇಬ್ಬರ ಊಟ, ಇತ್ತ ಕಬ್ಬಿಗೆ ನೀರು ಕಟ್ಟಲು ಆಳು, ಹಾಲು ಕರೆಯುವವರಿಲ್ಲದೆ ಹಸು ಮಾರಿದ್ದು, ಡೇರಿ ದುಡ್ಡು ನಿಂತಿದ್ದು. ನಾನು ಆಸ್ಪತ್ರೆ ಬಿಲ್ ಎಷ್ಟು ಅಂತ ಕೇಳಿ ಅಷ್ಟನ್ನೇ ಕಳಿಸಿ ನಿರಾಳವಾಗಿದ್ದೆ. ಅವನ ಹೆಂಡತಿ ಸರ ಗಿರವಿ ಇಟ್ಟಿದ್ದು ಎರಡು ವರ್ಷ ಆದಮೇಲೆ ಗೊತ್ತಾಯಿತು, ಅದೂ ಊರಿನವರ ಬಾಯಲ್ಲಿ. ನೀವು ಅಕ್ಕನ ಖಾತೆಗೆ ತಿಂಗಳಿಗೆ ಇಷ್ಟು ಅಂತ ಬೇರೆಯೇ ಹಾಕಿ. ಲೆಕ್ಕ ಕೇಳಬೇಡಿ. ಕೇಳಿದಾಗ ಕೊಟ್ಟರಾಯ್ತು ಅಂತ ಸುಮ್ನೆ ಕೂರಬೇಡಿ, ಅವಳು ಕೇಳಲ್ಲ.

ಫೋನ್ ವಿಷಯಕ್ಕೆ ನನಗೆ ಈಗಲೂ ನಾಚಿಕೆ. ದಿನಾ ಮಾಡುತ್ತಿದ್ದೆ, ರಿಪೋರ್ಟ್ ಬಂತಾ, ಡಾಕ್ಟರ್ ಏನಂದರು, ಅಪ್ಪ ಎಷ್ಟು ಗಂಜಿ ಕುಡಿದರು, ಸಾಹೇಬರ ಥರ ವಿಚಾರಣೆ. ನಿನಗೆ ರಾತ್ರಿ ನಿದ್ದೆ ಬಂತಾ ಅಂತ ತಮ್ಮನನ್ನು ಒಂದು ದಿನವೂ ಕೇಳಲಿಲ್ಲ. ನೆಂಟರು ಬಂದು ಬಾಳೆಹಣ್ಣು ಇಟ್ಟು, 'ಎಷ್ಟು ದಿನ ಅಂತಾರಪ್ಪಾ?' ಅಂತ ಅವನನ್ನೇ ಕೇಳಿ ಹೋಗುತ್ತಿದ್ದರಂತೆ. ಆಮೇಲೆ ಅವರೂ ಬರಲಿಲ್ಲ.

ಈಗಲೇ ಕೆಲಸ ಬಿಟ್ಟು ಓಡಬೇಡಿ. ನಿನಗೆ ಯಾವ ವಾರ ಜಾಸ್ತಿ ಕಷ್ಟ ಅಂತ ಅಕ್ಕನನ್ನೇ ಕೇಳಿ ಟಿಕೆಟ್ ಮಾಡಿ. ಹೋದಾಗ ಆಸ್ಪತ್ರೆಯಲ್ಲಿ ಅಮ್ಮನ ಪಕ್ಕ ನೀವು ಮಲಗಿ, ಅವಳನ್ನು ಮನೆಗೆ ಕಳಿಸಿ.