ತೀರಿಕೊಂಡ ತಂದೆಯ ಕೈರುಚಿಯ ಹಂದಿ ಸಾರನ್ನು ಮತ್ತೆ ಮಾಡುವುದು ಹೇಗೆ?

ತೀರ್ಥಹಳ್ಳಿ ಕಡೆಯವರಾದ ನಿಮ್ಮ ತಂದೆಯವರು ತೀರಿಕೊಂಡು ವರ್ಷವಾಗುತ್ತಾ ಬಂದಿದೆ, ಹಬ್ಬ ಬಂದರೆ ಅವರೇ ನಿಂತು ಮಾಡುತ್ತಿದ್ದ ಹಂದಿ ಸಾರನ್ನು ಅವರ ನೆನಪಿಗೆ ಮಾಡಬೇಕೆಂದಿದ್ದೀರಿ, ಆದರೆ ಬೆಂಗಳೂರಿನ ಮನೆಯಲ್ಲಿ ಎರಡು ಸಲ ಮಾಡಿದರೂ ಆ ರುಚಿ ಬರಲಿಲ್ಲ, ಅದನ್ನು ಎಡೆಗೆ ಇಡಬಹುದೇ ಎಂಬುದೂ ತಿಳಿಯುತ್ತಿಲ್ಲ ಎಂದು ಬರೆದಿದ್ದೀರಿ. ನಾನೂ ಅದೇ ತಾಲ್ಲೂಕಿನವಳು. ಎಂಟು ವರ್ಷಗಳ ಹಿಂದೆ ಅಪ್ಪಯ್ಯ ಹೋದಾಗ ನನಗೂ ಹೀಗೆಯೇ ಆಯಿತು. ಅವರ ಸಾರಿನ ಹದ ಕೈಗೆ ಹತ್ತಲು ಮೂರು ವರ್ಷ ಹಿಡಿಯಿತು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು ಎಡೆಯ ವಿಚಾರ. ಮಾಂಸ ಉಣ್ಣುವ ನಮ್ಮಂಥ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುವಾಗ ಅವರು ಬದುಕಿದ್ದಾಗ ಮೆಚ್ಚಿ ಉಣ್ಣುತ್ತಿದ್ದುದನ್ನೇ ಮಾಡುವುದು ರೂಢಿ. ಆದರೆ ಹಂದಿಯ ವಿಷಯದಲ್ಲಿ ಮನೆಯಿಂದ ಮನೆಗೆ ಕಟ್ಟುಪಾಡು ಬೇರೆ. ನಮ್ಮಲ್ಲಿ ವರ್ಷದ ತಿಥಿಯ ದಿನ ಸಿಹಿಯೂಟ ಮಾತ್ರ. ಮಾಂಸದ ಎಡೆ ಮಹಾಲಯ ಅಮಾವಾಸ್ಯೆಗೆ. ಬಾಳೆಎಲೆಯಲ್ಲಿ ಕಡುಬು, ಸಾರು ಬಡಿಸಿ, ಒಂದು ಲೋಟ ನೀರಿಟ್ಟು, ಬಾಗಿಲು ಮುಂದಕ್ಕೆಳೆದು ಎಲ್ಲರೂ ಜಗಲಿಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲದೆ ಕೂರುತ್ತೇವೆ. ನಿಮ್ಮ ಕುಟುಂಬದಲ್ಲಿ ಯಾವ ದಿನ ಯಾವುದು ಎಂಬುದನ್ನು ಊರಿನಲ್ಲಿರುವ ಹಿರಿಯರನ್ನೇ ಕೇಳಿ. ಅವರು ಬೇಡವೆಂದರೂ ಬೇರೊಂದು ದಿನ ಮಾಡಿ ನಾಲ್ಕು ಜನರಿಗೆ ಬಡಿಸುವುದಕ್ಕೆ ಯಾರ ಅಡ್ಡಿಯೂ ಇರಲಾರದು.

ಇನ್ನು ಸಾರು. ಅಪ್ಪಯ್ಯ ಉಳಿದ ದಿನಗಳಲ್ಲಿ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಹಂದಿ ಮಾಂಸ ತಂದ ದಿನ ಮಾತ್ರ ಒಲೆಯ ಯಜಮಾನಿಕೆ ಅವರದು. ಅದನ್ನು ಮನೆಯೊಳಗೆ ಬೇಯಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಕೊಟ್ಟಿಗೆಯ ಪಕ್ಕದಲ್ಲಿ ಮೂರು ಕಲ್ಲಿನ ಒಲೆ, ಅದಕ್ಕೆಂದೇ ಬೇರೆ ಇಟ್ಟಿದ್ದ ದಪ್ಪ ತಳದ ಪಾತ್ರೆ. ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಿನಲ್ಲಿ ಕೂತು, ನೆಣದ ಒಂದು ತುಂಡನ್ನು ಸೌಟಿನ ಅಂಚಿನಿಂದ ಪಾತ್ರೆಯ ಬದಿಗೆ ಒತ್ತಿ ನೋಡುತ್ತಿದ್ದರು. ಅದು ಜಾರಿ ತಪ್ಪಿಸಿಕೊಂಡರೆ ಇನ್ನೂ ಬೇಯಬೇಕು. ಚರ್ಮದ ಸಮೇತ ಸೀಳಿದರೆ ಸೌದೆಯನ್ನು ಹಿಂದಕ್ಕೆಳೆಯಬೇಕು. ಗಡಿಯಾರವಾಗಲಿ ಅಳತೆಯಾಗಲಿ ಇರಲಿಲ್ಲ. ಆ ಒಲೆಗೆ ಸೌದೆ ಒಟ್ಟುತ್ತಾ ಕೂತಿದ್ದವಳು ನಾನೇ, ಆದರೂ ಮಸಾಲೆಗೆ ಏನೇನು ಎಷ್ಟೆಷ್ಟು ಎಂದು ಒಂದು ದಿನವೂ ಕೇಳಲಿಲ್ಲ. ಅದನ್ನು ನೆನೆದರೆ ಈಗಲೂ ಮನಸ್ಸು ನೋಯುತ್ತದೆ.

ಮೊದಲ ವರ್ಷ ಎಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಟೊಮೆಟೊ, ಹುಣಿಸೆಹಣ್ಣು ಹಾಕಿ ಮಾಡಿದೆ. ಅದು ಹೋಟೆಲಿನ ಸಾರಾಯಿತು. ಮರುವರ್ಷ ಮಡಿಕೇರಿಯ ಗೆಳತಿಯೊಬ್ಬಳು ಕಾಚಂಪುಳಿಯ ಬಾಟಲಿ ಕಳುಹಿಸಿದಳು. ಕೊಡಗಿನ ಆ ಕಪ್ಪು ಹುಳಿಯೂ ನಮ್ಮ ಉಪ್ಪಾಗೆಯೂ ಒಂದೇ ಹಣ್ಣಿನವು. ಅವರು ಮಾಗಿದ ಹಣ್ಣಿನ ರಸವನ್ನು ಬಸಿದು ಕುದಿಸಿ ಇಂಗಿಸುತ್ತಾರೆ, ನಮ್ಮವರು ಸಿಪ್ಪೆಯನ್ನು ಒಣಗಿಸಿಡುತ್ತಾರೆ. ಸಾರು ಬಹಳ ಚೆನ್ನಾಗಿ ಬಂತು, ಆದರೆ ಅಪ್ಪಯ್ಯನದಾಗಲಿಲ್ಲ. ಅಂದು ಊಟಕ್ಕೆ ಕೂತಿದ್ದ ಚಿಕ್ಕಪ್ಪ ಎರಡು ತುತ್ತು ಉಂಡು, "ಎಲ್ಲಾ ಸಮ ಇದೆ ಕಣೇ, ಹೊಗೆ ಒಂದಿಲ್ಲ" ಎಂದರು. ಹೊರಗಿನ ಸೌದೆ ಒಲೆಯಲ್ಲೇ ಮಾಡಿದ್ದೆನಲ್ಲ ಎಂದೆ. "ಒಲೆ ಹೊಗೆ ಅಲ್ಲ, ಹುಳಿಯ ಹೊಗೆ" ಎಂದರು.

ಆ ಮಾತಿನಿಂದ ನನಗೆ ದಾರಿ ಸಿಕ್ಕಿತು. ಉಪ್ಪಾಗೆಯ ಹಣ್ಣು ಬೀಳುವುದು ಮಳೆಗಾಲದಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಅಂಥ ಸೀಮೆಯಲ್ಲಿ ಸಿಪ್ಪೆ ಒಣಗಿಸಲು ಬಿಸಿಲೆಲ್ಲಿಂದ ಬರಬೇಕು? ಒಲೆಯ ಮೇಲಿನ ಅಟ್ಟದಲ್ಲಿ ಹರಡಿ, ವಾರಗಟ್ಟಲೆ ಹೊಗೆಯಲ್ಲೇ ಒಣಗಿಸುತ್ತಿದ್ದರು. ಹಾಗೆ ಒಣಗಿದ ಸಿಪ್ಪೆ ಕಪ್ಪಗೆ, ಚರ್ಮದಂತೆ ಮೆತ್ತಗಿರುತ್ತದೆ; ಮೂಗಿನ ಹತ್ತಿರ ಹಿಡಿದರೆ ಹಳೆಯ ಅಡುಗೆಮನೆಯ ವಾಸನೆ. ನಮ್ಮಲ್ಲಿ ಗ್ಯಾಸ್ ಒಲೆ ಬಂದ ಮೇಲೆ ಅಟ್ಟದ ಹೊಗೆ ನಿಂತಿತ್ತು. ನಾನೂ ಹುಳಿಗೆಂದರೆ ಹುಣಿಸೆಯನ್ನೇ ರೂಢಿ ಮಾಡಿಕೊಂಡಿದ್ದೆ. ಮೂರನೆಯ ವರ್ಷ ಊರಿನಲ್ಲಿ ಇನ್ನೂ ಸೌದೆ ಒಲೆ ಉರಿಸುವ ಅಜ್ಜಿಯೊಬ್ಬರಿಂದ ಒಂದು ಹಿಡಿ ಹೊಗೆಯ ಉಪ್ಪಾಗೆ ಕೇಳಿ ತಂದು ಹಾಕಿದೆ. ಅಮ್ಮ ಬಾಯಿಗಿಟ್ಟವರು ಏನೂ ಹೇಳದೆ ಎಲೆಯ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟರು.

ಮಾಡುವ ಕ್ರಮ ಹೀಗೆ. ಚರ್ಮ, ನೆಣ, ಮಾಂಸ ಮೂರೂ ಇರುವ ಒಂದು ಕೆಜಿ ತನ್ನಿ. ನೆಣ ತೆಗೆಸಿದರೆ ಈ ಸಾರು ಆಗುವುದಿಲ್ಲ. ತೊಳೆದ ತುಂಡುಗಳಿಗೆ ಅರಿಶಿನ, ಸ್ವಲ್ಪ ಉಪ್ಪು ಸವರಿ, ಎಣ್ಣೆಯನ್ನೂ ನೀರನ್ನೂ ಹಾಕದೆ ದಪ್ಪ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲಿಡಿ. ಮಾಂಸ ತನ್ನ ನೀರನ್ನು ತಾನೇ ಬಿಡುತ್ತದೆ. ಅದು ಇಂಗಿ, ನೆಣ ಕರಗಿ, ಚಟಪಟ ಸದ್ದು ಕೇಳುವವರೆಗೆ ಅವಸರ ಬೇಡ. ಆ ನೆಣದಲ್ಲೇ ಒಂದು ಹಿಡಿ ಚಿಕ್ಕ ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಎರಡು ಅಂಗುಲ ಶುಂಠಿ, ಏಳೆಂಟು ಸೂಜಿಮೆಣಸು ಇವನ್ನೆಲ್ಲ ಜಜ್ಜಿ ಹಾಕಿ ಬಾಡಿಸಿ, ತುಂಡು ಮುಳುಗುವಷ್ಟು ಬಿಸಿನೀರು ಹೊಯ್ದು ಮುಚ್ಚಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಕುಕ್ಕರ್ ಬೇಡವೆಂದೇ ನನ್ನ ಅಭಿಪ್ರಾಯ, ಅದರಲ್ಲಿ ನೆಣ ಮುದ್ದೆಯಾಗುತ್ತದೆ. ಲಾಡಿಹುಳುವಿನ ಭಯವಿರುವುದರಿಂದ ಹಂದಿ ಒಳಗೂ ಪೂರ್ತಿ ಬೇಯಲೇಬೇಕು.

ಬೇಯುತ್ತಿರುವಾಗ ಮೂರು ಚಮಚ ಕೊತ್ತಂಬರಿ, ಒಂದು ಚಮಚ ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಚಿಟಿಕೆ ಮೆಂತ್ಯ, ಚಿಟಿಕೆ ಸಾಸಿವೆಯನ್ನು ಬೇರೆಬೇರೆಯಾಗಿ, ಸೀಯುವುದಕ್ಕೆ ಇನ್ನೇನು ಒಂದು ಕ್ಷಣವಿದೆ ಎನ್ನುವವರೆಗೆ ಹುರಿದು ಪುಡಿ ಮಾಡಿ. ತೆಂಗಿನಕಾಯಿ ಅಪ್ಪಯ್ಯ ಹಾಕುತ್ತಿರಲಿಲ್ಲ. ತುಂಡು ಬೆಂದ ಮೇಲೆ ಪುಡಿ ಬೆರೆಸಿ, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿದ ಐದಾರು ಎಸಳು ಉಪ್ಪಾಗೆಯನ್ನು ನೀರಿನ ಸಮೇತ ಹಾಕಿ ಹತ್ತು ನಿಮಿಷ ಕುದಿಸಿ. ಕೆಲವರು ಉಪ್ಪಾಗೆಗೆ ಉಪ್ಪು ಬೆರೆಸಿಯೇ ಒಣಗಿಸುತ್ತಾರೆ, ಹಾಗಾಗಿ ಉಳಿದ ಉಪ್ಪನ್ನು ಕೊನೆಗೆ ನೋಡಿ ಹಾಕಿ. ಒಂದು ರಾತ್ರಿ ಕಳೆದರೆ ಹುಳಿ ನೆಣಕ್ಕೆ ಇಳಿದು ಸಾರು ಇನ್ನೂ ಚೆನ್ನಾಗಿರುತ್ತದೆ. ಎಡೆಯ ಹಿಂದಿನ ಸಂಜೆಯೇ ಮಾಡಿ ಫ್ರಿಜ್ಜಿನಲ್ಲಿಟ್ಟು ಮರುದಿನ ಚೆನ್ನಾಗಿ ಕುದಿಸಬಹುದು. ಜೊತೆಗೆ ಅಕ್ಕಿತರಿಯ ಉಂಡೆ ಕಡುಬೇ ಆಗಬೇಕು.

ಹಳೆಯ ರುಚಿಗೆ ಕಾಡುಹಂದಿಯೇ ಬೇಕೆಂದು ಊರಿನಲ್ಲಿ ಯಾರಾದರೂ ಹೇಳಿದರೆ ಒಪ್ಪಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಬೇಟೆ ಅಪರಾಧ, ಈ ಸಾರಿಗೆ ಅದರ ಅಗತ್ಯವೂ ಇಲ್ಲ.

ಆ ದಿನಕ್ಕೆ ಮುಂಚೆ ಒಂದು ಭಾನುವಾರ ಅರ್ಧ ಕೆಜಿಯಲ್ಲಿ ಮಾಡಿ ನೋಡಿ. ನಿಮ್ಮ ತಂದೆಯವರ ಜೊತೆ ಕೂತು ಉಂಡವರು, ಸೋದರತ್ತೆಯೋ ಚಿಕ್ಕಪ್ಪನೋ ಅವರ ಗೆಳೆಯರೋ, ಯಾರಿದ್ದಾರೋ ಅವರನ್ನು ಊಟಕ್ಕೆ ಕರೆಯಿರಿ. ಏನು ಕಡಿಮೆಯಾಗಿದೆ ಎಂದು ಅವರನ್ನು ಕೇಳಿ, ಅವರು ಹೇಳಿದ್ದನ್ನು ಆಗಲೇ ಬರೆದಿಟ್ಟುಕೊಳ್ಳಿ.