ಕೌನ್ಸೆಲರ್ ಮಾತೋ, ಫಾದರ್ ಮಾತೋ?

ಪ್ರಶ್ನೆ: ನನ್ನ ತಮ್ಮ ಕುಡಿತ ಬಿಟ್ಟು ಮನೆಗೆ ಬಂದಿದ್ದಾನೆ. ಕೌನ್ಸೆಲರ್ 'ನೀನು ಇದ್ದ ಹಾಗೇ ನಿನ್ನನ್ನು ಒಪ್ಪಿಕೋ' ಅಂತಾರೆ. ಫಾದರ್ 'ಪಾಪ ಒಪ್ಪಿಕೋ, ಬಿಡುಗಡೆ ಸಿಗುತ್ತೆ' ಅಂತಾರೆ. ಯಾರ ಮಾತು ಕೇಳಬೇಕು?
– ಓದುಗಾರ್ತಿ, ಕ್ಯಾಂಪ್, ಬೆಳಗಾವಿ

ಉತ್ತರ: ಇಬ್ಬರದೂ ಕೇಳಲಿ ಅಕ್ಕಾ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಮೊದಲು ಪಾದ್ರಿಯಾಗಲು ಓದುತ್ತಿದ್ದವರು. ಷರತ್ತು ಹಾಕದೆ ಒಪ್ಪಿಕೊಂಡರೆ ಮನುಷ್ಯ ತಾನಾಗಿಯೇ ಬದಲಾಗಲು ಶುರು ಮಾಡುತ್ತಾನೆ ಅನ್ನೋದು ಅವರ ವಾದ. ದೇವರ ಕೃಪೆ ಬಗ್ಗೆ ದೇವತಾಶಾಸ್ತ್ರಿ ಪಾಲ್ ಟಿಲಿಕ್ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. 1965ರಲ್ಲಿ ಇಬ್ಬರೂ ಎದುರುಬದುರು ಕೂತು ಮಾತಾಡಿದ್ದೂ ಉಂಟು.

ಬೈಬಲ್‌ನಲ್ಲಿ ಲೂಕನ ಸುವಾರ್ತೆಯ 15ನೇ ಅಧ್ಯಾಯ ತೆಗೆದು ನೋಡಿ. ಆಸ್ತಿ ಹಾಳು ಮಾಡಿದ ಮಗ, 'ತಪ್ಪು ಮಾಡಿದೆ, ನನ್ನನ್ನು ಕೂಲಿಯವನ ಹಾಗೆ ಇಟ್ಟುಕೋ' ಅನ್ನಬೇಕೆಂದು ಹೊರಡೋ ಮೊದಲೇ ಮಾತು ಜೋಡಿಸಿಕೊಂಡು ಬರುತ್ತಾನೆ. ಅಪ್ಪ ದೂರದಿಂದಲೇ ನೋಡಿ ಓಡಿಹೋಗಿ ತಬ್ಬಿಕೊಳ್ಳುತ್ತಾನೆ, ಆ ಕೂಲಿಯ ಮಾತು ಬಾಯಿಗೆ ಬರೋದೇ ಇಲ್ಲ. ತಪ್ಪೊಪ್ಪಿಗೆಗೂ ಮುಂಚೆ ಅಪ್ಪುಗೆ ಬಂತು, ಅಲ್ವಾ?

ಹಾಗಂತ ಎರಡೂ ಒಂದೇ ಅಂತ ನಾನು ಹೇಳಲ್ಲ. ರೋಜರ್ಸ್ ಪ್ರಕಾರ ಸರಿಹೋಗುವ ಶಕ್ತಿ ಮನುಷ್ಯನ ಒಳಗೇ ಇದೆ. ಚರ್ಚಿನ ಪ್ರಕಾರ ಅದಕ್ಕೆ ಕ್ರಿಸ್ತನೇ ಬೇಕು. ಆ ವಾದ ನಿಮ್ಮ ತಮ್ಮ ಇವತ್ತೇ ಬಗೆಹರಿಸಬೇಕಾಗಿಲ್ಲ. ಯಾರದಾದರೂ ಸಾಲ, ಒಡವೆ ಬಾಕಿ ಇದ್ದರೆ ನಿಧಾನಕ್ಕೆ ತೀರಿಸಲಿ. ಡಾಕ್ಟರ್ ಮಾತ್ರೆ ಕೊಟ್ಟಿದ್ದರೆ ಸುಮ್ನೆ ನಿಲ್ಲಿಸೋದು ಬೇಡ. ಊಟಕ್ಕೆ ಕೂತಾಗ ಹಳೇದನ್ನು ಎತ್ತಿ ಆಡೋದನ್ನು ಮನೆಯವರೂ ಬಿಡಿ.