ಶಿವಮೊಗ್ಗದಲ್ಲೇ ಇದ್ದು ಸಾಫ್ಟ್‌ವೇರ್ ಡೆವಲಪರ್ ಆಗಿ ಬೆಳೆಯೋಕೆ ಆಗುತ್ತಾ?

ನಿಮ್ಮ ಪ್ರಶ್ನೆ ಓದಿದೆ. ಶಿವಮೊಗ್ಗದ ಒಂದು ಸಣ್ಣ ಕಂಪನಿಯಲ್ಲಿ ನಾಲ್ಕು ವರ್ಷದಿಂದ ಡೆವಲಪರ್ ಆಗಿದ್ದೀರಿ. ಜೊತೆಗೆ ಓದಿದವರು ಬೆಂಗಳೂರಿನಲ್ಲಿ ಸೀನಿಯರ್ ಆಗಿದ್ದಾರೆ. ಮನೆಯಲ್ಲಿ ಅಮ್ಮ ಒಬ್ಬರೇ, ಊರು ಬಿಡೋದು ಕಷ್ಟ. ಇಲ್ಲೇ ಇದ್ದರೆ ಹಿಂದೆ ಬೀಳ್ತೀನಾ, ಈಗ ಯಾವ ಹೊಸ ಫ್ರೇಮ್‌ವರ್ಕ್ (ಸಾಫ್ಟ್‌ವೇರ್ ಕಟ್ಟೋಕೆ ಸಿಗುವ ಸಿದ್ಧ ಚೌಕಟ್ಟು) ಕಲಿತರೆ ಒಳ್ಳೇದು ಅಂತ ಕೇಳಿದ್ದೀರಿ.

ನನ್ನದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಓದಿದ್ದು ಶಿವಮೊಗ್ಗದಲ್ಲಿ. 2011ರಿಂದ ಇದೇ ಕೆಲಸ ಮಾಡ್ತಿದ್ದೇನೆ. ಮೊದಲ ನಾಲ್ಕು ವರ್ಷ ಶಿವಮೊಗ್ಗ, ಆಮೇಲೆ ಐದು ವರ್ಷ ಬೆಂಗಳೂರು. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವನು ಇಲ್ಲೇ ಉಳಿದೆ. ಎರಡೂ ಕಡೆ ಇದ್ದು ನೋಡಿದ್ದರಿಂದ ಧೈರ್ಯವಾಗಿ ಉತ್ತರ ಬರೀತಿದ್ದೇನೆ.

ಫ್ರೇಮ್‌ವರ್ಕ್ ವಿಷಯಕ್ಕೆ ಆಮೇಲೆ ಬರ್ತೀನಿ. ಡೆವಲಪರ್ ಬೆಳೆಯೋಕೆ ಹತ್ತಿರದಲ್ಲಿ ಇಬ್ಬರು ಇರಬೇಕು. ನೀವು ಬರೆದಿದ್ದನ್ನು ಬಳಸುವವರು ಒಬ್ಬರು, ತಿದ್ದುವವರು ಒಬ್ಬರು. ಶಿವಮೊಗ್ಗದಲ್ಲಿ ಬಳಸುವವರು ಪಕ್ಕದ ರಸ್ತೆಯಲ್ಲೇ ಸಿಗ್ತಾರೆ. ತಿದ್ದುವವರನ್ನು ಮಾತ್ರ ನಾವೇ ಹುಡುಕಿಕೊಳ್ಳಬೇಕು. ಇದು ನನಗೆ ಅರ್ಥ ಆಗಿದ್ದು ಒಂದು ತಪ್ಪಿನಿಂದ. ಅದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ.

ನನ್ನ ಮೊದಲ ಕೆಲಸ ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯೋದು. ಯಾರು ಎಷ್ಟು ಮೂಟೆ ತಂದರು, ಅದರಲ್ಲಿ ಅಡಿಕೆಯ ಬಗೆಗಳಾದ ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ಕ್ವಿಂಟಲ್ಲಿಗೆ ಏನು ರೇಟು, ಮುಂಗಡ ಎಷ್ಟು ಹೋಗಿದೆ. ಒಂದು ಮಂಡಿಯಲ್ಲಿ ರೈತರ ಹೆಸರು, ಊರುಗಳ ಪಟ್ಟಿ ಮೊದಲೇ ಕಂಪ್ಯೂಟರಿನಲ್ಲಿತ್ತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅದನ್ನು ಯೂನಿಕೋಡಿಗೆ, ಅಂದರೆ ಎಲ್ಲ ಭಾಷೆಯ ಅಕ್ಷರ, ಚಿಹ್ನೆಗೂ ಒಂದೊಂದು ಸಂಕೇತ ಕೊಡುವ ಪದ್ಧತಿಗೆ, ಬದಲಾಯಿಸಿ ನಮ್ಮ ಸಾಫ್ಟ್‌ವೇರಿಗೆ ತುಂಬಿದೆ. ಸ್ಕ್ರೀನ್ ಮೇಲೆ ಎಲ್ಲ ಸರಿಯಾಗೇ ಕಾಣಿಸ್ತು.

ನಾಲ್ಕನೇ ದಿನ ಮಂಡಿಯ ಗುಮಾಸ್ತರು ಫೋನ್ ಮಾಡಿದರು. "ಸೊರಬದವರು ಒಬ್ಬರೂ ಸಿಗ್ತಾ ಇಲ್ಲ ಮಾರಾಯ, ಒಂದ್ಸಲ ಬಂದು ನೋಡು" ಅಂದರು. ಹೋಗಿ ಅವರ ಪಕ್ಕ ಕೂತೆ. ಸಾಗರ ಅಂತ ಹೊಡೆದರೆ ಹೆಸರುಗಳು ಬರ್ತಾವೆ. ಶಿಕಾರಿಪುರ ಬರುತ್ತೆ, ಭದ್ರಾವತಿ ಬರುತ್ತೆ. ಸೊರಬ ಬರಲ್ಲ. ಹೊಸನಗರ ಬರಲ್ಲ. ಕೊಪ್ಪ ಬರಲ್ಲ. ಪಟ್ಟಿಯನ್ನು ಸುಮ್ನೆ ಕೆಳಗೆ ಸರಿಸುತ್ತಾ ಹೋದರೆ ಸೊರಬ ಕಣ್ಣೆದುರಿಗೇ ಇದೆ.

ಹೊರಗೆ ಬೆಂಚಿನ ಮೇಲೆ ಸೊರಬದ ಕಡೆಯ ವಯಸ್ಸಾದವರೊಬ್ಬರು ಕೂತಿದ್ದರು. ಬಿಲ್ ಆಗದೆ ದುಡ್ಡು ಕೈಗೆ ಬರಲ್ಲ. ಬಸ್ಸಿನ ಹೊತ್ತು ಆಗ್ತಾ ಬಂದಿತ್ತು. ಗುಮಾಸ್ತರು ಕೈಯಲ್ಲೇ ಬಿಲ್ ಬರೆದು ಕಳಿಸಿಕೊಟ್ಟರು. ಅವರು ನನ್ನನ್ನು ಏನೂ ಅನ್ನಲಿಲ್ಲ. ಆದರೂ ಆ ಬೆಂಚು ಇವತ್ತಿಗೂ ನನ್ನ ಕಣ್ಮುಂದೆ ಇದೆ.

ಅವತ್ತು ರಾತ್ರಿ ಎರಡೂ ಕಡೆಯ ಸೊರಬವನ್ನು ಒಂದೊಂದೇ ಸಂಕೇತವಾಗಿ ಬಿಡಿಸಿ ಕಾಗದದ ಮೇಲೆ ಬರೆದೆ. ಓದೋಕೆ ಅದು ಮೂರು ಅಕ್ಷರ. ಗುಮಾಸ್ತರು ಟೈಪ್ ಮಾಡಿದ್ದರಲ್ಲಿ ನಾಲ್ಕು ಸಂಕೇತ ಇತ್ತು: ಸ, ಒಕಾರದ ಚಿಹ್ನೆ, ರ, ಬ. ಹಳೆಯ ಪಟ್ಟಿಯಿಂದ ಬಂದಿದ್ದರಲ್ಲಿ ಐದು: ಸ, ಎಕಾರದ ಚಿಹ್ನೆ, ಊಕಾರದ ಚಿಹ್ನೆ, ರ, ಬ. ಹಳೆಯ ಫಾಂಟಿನಲ್ಲಿ 'ಸೊ' ಬರೀಬೇಕಾದರೆ 'ಸೆ'ಗೆ ಒಂದು ಕೊಂಬು ಸೇರಿಸ್ತಿದ್ದರು. ಬದಲಾಯಿಸುವ ಪ್ರೋಗ್ರಾಂ ಆ ಎರಡು ಚೂರನ್ನು ಒಂದು ಮಾಡದೆ ಹಾಗೇ ಬಿಟ್ಟಿತ್ತು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ.

ಆ ಎರಡು ಚೂರು ಒಟ್ಟಿಗೆ ಬಂದ ಕಡೆಯೆಲ್ಲ ಒಕಾರ ಹಾಕುವ ಹಾಗೆ ಒಂದು ನಿಯಮ ಬರೆದೆ. ಮಾರನೇ ದಿನ ಸೊರಬ ಬಂತು. ವಾರ ಬಿಟ್ಟು ಮತ್ತೆ ಫೋನ್. ಈ ಸಲ ತೀರ್ಥಹಳ್ಳಿ ಸಿಗ್ತಿಲ್ಲ. ಅಲ್ಲಿ ದೀರ್ಘದ ಗುರುತು ಬೇರೆಯಾಗಿ ಉಳಿದಿತ್ತು. ಅದಕ್ಕೊಂದು ನಿಯಮ. ಆಮೇಲೆ ಮೇಗರವಳ್ಳಿ, ಆಮೇಲೆ ಕೋಣಂದೂರು. ಹೀಗೆ ಐದು ನಿಯಮ ಆಯ್ತು. ಒಂದೊಂದು ನಿಯಮಕ್ಕೂ ಯಾರೋ ಒಬ್ಬರು ಆ ಬೆಂಚಿನ ಮೇಲೆ ಕಾಯಬೇಕಾಯ್ತು.

ನಾಲ್ಕು ವರ್ಷದ ನಂತರ ಬೆಂಗಳೂರಿನ ಕಂಪನಿಯಲ್ಲಿ ಇಂಥದ್ದೇ ಕೆಲಸ ಬಂತು. ಗ್ರಾಹಕರ ಹೆಸರು ಹುಡುಕೋದು. ನನಗೆ ಗೊತ್ತಿರುವ ವಿಷಯ ಅಂತ ಖುಷಿಯಿಂದ ಅದೇ ಐದು ನಿಯಮ ಬರೆದು ರಿವ್ಯೂಗೆ, ಅಂದರೆ ಬೇರೆಯವರು ಓದಿ ತಿದ್ದೋಕೆ, ಕಳಿಸಿದೆ. ನಮ್ಮ ಟೀಮಿನ ಹಿರಿಯರೊಬ್ಬರು ಸಂಜೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಅವರು ತಮಿಳಿನವರು. "ಈ ಐದು ಎಲ್ಲಿಂದ ಬಂತು? ಐದೇನಾ, ಆರನೆಯದು ಇಲ್ಲ ಅಂತ ನಿಮಗೆ ಹೇಗೆ ಗೊತ್ತು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ತಮಿಳಿನ ಒಕಾರವೂ ಹೀಗೇ ಎರಡು ಚೂರಾಗುತ್ತೆ ಅಂತ ಬರೆದು ತೋರಿಸಿದರು. ಬಂಗಾಳಿಯಲ್ಲೂ ಹಾಗೇ. ಇದಕ್ಕೆ ಯೂನಿಕೋಡಿನಲ್ಲೇ ನಾರ್ಮಲೈಸೇಶನ್ ಅನ್ನುವ ಪದ್ಧತಿ ಇದೆ. ಚೂರುಗಳನ್ನು ಕೂಡಿಸುವ ರೂಪಕ್ಕೆ ಎನ್‌ಎಫ್‌ಸಿ ಅಂತಾರೆ. ಜಾವಾ, ಪೈಥಾನ್, ಸಿ ಶಾರ್ಪ್ ಮೂರರಲ್ಲೂ ಅದನ್ನು ಮೊದಲೇ ಬರೆದಿಟ್ಟಿದ್ದಾರೆ. ನನ್ನ ಐದು ನಿಯಮದ ಜಾಗಕ್ಕೆ ಒಂದು ಸಾಲು ಸಾಕಾಯ್ತು. ಯೂನಿಕೋಡ್ ಪಟ್ಟಿ ತೆಗೆದು ನೋಡಿದೆವು. ಕನ್ನಡದಲ್ಲಿ ಹೀಗೆ ಬಿಡಿಯಾಗುವ ಸ್ವರ ಚಿಹ್ನೆಗಳು ಐದೇ: ಈ, ಏ, ಐ, ಒ, ಓ. ಅಂದರೆ ನನ್ನ ಐದೂ ಸರಿಯಾಗಿದ್ದವು. ಅವು ಸರಿ ಅಂತ ಹೇಳೋಕೆ ನನ್ನ ಹತ್ತಿರ ಆಧಾರ ಇರಲಿಲ್ಲ, ಅಷ್ಟೇ.

ಆ ಅರ್ಧ ಗಂಟೆಯಲ್ಲಿ ಕಲಿತಿದ್ದು ನಾಲ್ಕು ವರ್ಷದಲ್ಲಿ ಕಲಿತಿರಲಿಲ್ಲ. ಆದರೆ ಆ ನಾಲ್ಕು ವರ್ಷ ವ್ಯರ್ಥ ಅಂತ ನಾನು ಯಾವತ್ತೂ ಹೇಳಲ್ಲ. ಆ ಟೀಮಿನಲ್ಲಿ ಹೆಸರು ಹುಡುಕೋದರಲ್ಲಿ ಇಂಥ ತೊಂದರೆ ಬರುತ್ತೆ ಅಂತ ಮೊದಲೇ ಊಹಿಸಿದವನು ನಾನೊಬ್ಬನೇ. ಅದು ಮಂಡಿಯಲ್ಲಿ ಕೂತಿದ್ದರಿಂದ ಬಂದ ಬುದ್ಧಿ.

ಸೀನಿಯರ್ ಅನ್ನುವ ಪದವಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದು ಕಂಪನಿಯಲ್ಲಿ ಮೂರು ವರ್ಷಕ್ಕೆ ಕೊಡ್ತಾರೆ, ಇನ್ನೊಂದರಲ್ಲಿ ಎಂಟು ವರ್ಷ ಆದರೂ ಕೊಡಲ್ಲ. ನನ್ನ ಲೆಕ್ಕ ಬೇರೆ. ಹೊಸಬರಿಗೆ "ಈ ಪೇಜ್ ಹೀಗೆ ಮಾಡು" ಅಂತ ಪೂರ್ತಿ ಹೇಳಬೇಕು. ಸ್ವಲ್ಪ ಅನುಭವ ಆದವರಿಗೆ "ಬಿಲ್ಲಿನ ಭಾಗ ನೋಡ್ಕೊಳ್ಳಿ" ಅಂದರೆ ಸಾಕು. ಸೀನಿಯರ್ ಅಂದರೆ "ಸೊರಬದವರು ಸಿಗ್ತಾ ಇಲ್ಲ" ಅನ್ನುವ ದೂರು ಒಂದನ್ನೇ ಕೊಟ್ಟರೂ ಕಾರಣ ಹುಡುಕಿ, ಸರಿಮಾಡಿ, ಮತ್ತೆ ಆಗದ ಹಾಗೆ ನೋಡಿಕೊಂಡು, ದೂರು ಕೊಟ್ಟವರಿಗೆ ಅವರ ಮಾತಿನಲ್ಲೇ ತಿಳಿಸಿ ಬರುವವರು. ನೀವು ಈಗ ಇದರಲ್ಲಿ ಎಲ್ಲಿದ್ದೀರಿ ಅಂತ ನಿಮಗೇ ಗೊತ್ತಿರುತ್ತೆ, ಅಲ್ವಾ?

ಇನ್ನು ಫ್ರೇಮ್‌ವರ್ಕ್. ನಾನು ಶಿವಮೊಗ್ಗದಲ್ಲಿದ್ದಾಗ ಆಂಗುಲರ್ ಜೆಎಸ್ ಕಲಿಯೋಕೆ ಆರು ತಿಂಗಳ ಸಂಜೆಗಳನ್ನು ಕೊಟ್ಟೆ. ಅದು 2010ರಲ್ಲಿ ಬಂದಿದ್ದು. 2021ರ ಕೊನೆಗೆ ಗೂಗಲ್ ಅದರ ಬೆಂಬಲ ನಿಲ್ಲಿಸಿತು. ಅದೇ ಹೊತ್ತಿಗೆ ಕಲಿತ ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆ) 1970ರ ದಶಕದ್ದು. ಇವತ್ತು ಬೆಳಿಗ್ಗೆಯೂ ಬರೆದಿದ್ದೇನೆ. ಕೆಲಸಕ್ಕೆ ಬೇಕಾದ ಫ್ರೇಮ್‌ವರ್ಕ್ ಒಂದನ್ನು ಕಲೀರಿ, ಖಂಡಿತ ಬೇಕು. ಆದರೆ ಮನೆಯಲ್ಲಿ ಸಿಗುವ ಹೊತ್ತನ್ನು ಹಳೆಯದಾಗದ ವಿಷಯಕ್ಕೆ ಕೊಡಿ. ಡೇಟಾಬೇಸ್ ಇಂಡೆಕ್ಸ್ ಒಳಗೆ ಹೇಗಿರುತ್ತೆ, ಬ್ರೌಸರಿನಿಂದ ಸರ್ವರಿಗೆ ಮಾತು ಹೇಗೆ ಹೋಗುತ್ತೆ, 0.1ಕ್ಕೆ 0.2 ಕೂಡಿಸಿದರೆ ಕಂಪ್ಯೂಟರ್ ಯಾಕೆ 0.30000000000000004 ಅನ್ನುತ್ತೆ, ಹಾಗಾಗಿ ದುಡ್ಡಿನ ಲೆಕ್ಕವನ್ನು ಯಾಕೆ ಪೈಸೆಯಲ್ಲಿ ಪೂರ್ಣ ಸಂಖ್ಯೆಯಾಗಿ ಇಡ್ತಾರೆ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಚೆನ್ನಾಗಿ ಕಲೀರಿ. ಬರೀ ಕಮಿಟ್, ಪುಶ್ ಸಾಲದು. ಒಂದು ಸಾಲು ಯಾವಾಗ, ಯಾಕೆ ಬದಲಾಯ್ತು ಅಂತ ಹುಡುಕೋಕೆ ಬರಬೇಕು.

ಈಗ ಎಐ ಕೋಡ್ ಬರೆದುಕೊಡುತ್ತೆ. ನಾನೂ ದಿನಾ ಬಳಸ್ತೀನಿ. ಮೇಲೆ ಹೇಳಿದ ಸೊರಬದ ಚೂರುಗಳನ್ನು ಕೊಟ್ಟರೆ ನಾರ್ಮಲೈಸೇಶನ್ ಸಾಲನ್ನು ಅದೂ ಬರೆದುಕೊಟ್ಟೀತು. ಆದರೆ ಮಂಡಿಗೆ ಹೋಗಿ ಕೂತು, ಸಾಗರ ಬರುತ್ತೆ ಸೊರಬ ಬರಲ್ಲ ಅಂತ ಗಮನಿಸಬೇಕಾದವರು ನೀವೇ. ಅದು ಕೊಟ್ಟ ಉತ್ತರ ಸರಿಯಾ ಅಂತ ನೋಡಬೇಕಾದವರೂ ನೀವೇ. ಅದಕ್ಕೇ ಬುನಾದಿ ಗಟ್ಟಿ ಇರಲಿ ಅಂತ ಇಷ್ಟು ಒತ್ತಿ ಹೇಳ್ತಿರೋದು.

ಬೆಂಗಳೂರಿಗೆ ಹೋಗಬೇಕಾ? ಮನೆ ಕಡೆ ಅನುಕೂಲ ಇದ್ದವರಿಗೆ ನಾನು ಹೋಗಿ ಅಂತಲೇ ಹೇಳ್ತೀನಿ, ಮೂರು ವರ್ಷಕ್ಕಾದರೂ. ಲಕ್ಷಾಂತರ ಜನ ಬಳಸುವ ಸಿಸ್ಟಮ್ ರಾತ್ರಿ ಎರಡು ಗಂಟೆಗೆ ನಿಂತುಹೋದಾಗ ಅನುಭವಸ್ಥರು ಏನು ನೋಡ್ತಾರೆ, ಯಾವುದನ್ನು ಮೊದಲು ಮುಟ್ಟಲ್ಲ ಅನ್ನೋದನ್ನು ಪಕ್ಕದಲ್ಲಿ ನಿಂತೇ ಕಲೀಬೇಕು. ಆದರೆ ನಿಮ್ಮ ಪರಿಸ್ಥಿತಿ ಬೇರೆ. ಅಮ್ಮನನ್ನು ಬಿಟ್ಟು ಮನಸ್ಸಿಲ್ಲದ ಮನಸ್ಸಿನಲ್ಲಿ ಸುಮಾರು 300 ಕಿಲೋಮೀಟರ್ ದೂರ ಕೂತರೆ ಕಲಿಕೆಯೂ ಆಗಲ್ಲ. ನಾನು ಹೋದಾಗ ಅಪ್ಪಯ್ಯ, ಅಮ್ಮ ಇಬ್ಬರೂ ಗಟ್ಟಿಯಾಗಿದ್ದರು. ಅಣ್ಣ ತೋಟ ನೋಡ್ಕೊಳ್ತಿದ್ದ. ಅದಕ್ಕೇ ಸಾಧ್ಯ ಆಯ್ತು. ಅದನ್ನು ಮರೆತು ನಿಮಗೆ "ಹೋಗಿ" ಅಂದರೆ ಅನ್ಯಾಯ ಆಗುತ್ತೆ.

ಹಾಗಾದರೆ ತಿದ್ದುವವರನ್ನು ಇಲ್ಲಿಂದಲೇ ಹುಡುಕೋದು ಹೇಗೆ? ನಾನು ಕಂಡ ಅತ್ಯಂತ ಒಳ್ಳೆಯ ದಾರಿ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ನೋಡಿ ತಿದ್ದಬಹುದಾದ ಕೋಡ್. ದೊಡ್ಡದೇನೂ ಬೇಡ. ನೀವು ದಿನಾ ಬಳಸುವ ಲೈಬ್ರರಿಯಲ್ಲಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನಲ್ಲಿ) ಒಂದು ಸಣ್ಣ ದೋಷ ಸರಿಮಾಡಿ ಕಳಿಸಿ. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ಕೂಡ ಓಪನ್ ಸೋರ್ಸ್. ಅದರ ಕನ್ನಡ ಅನುವಾದಕ್ಕೆ ಟ್ರಾನ್ಸ್‌ಲೇಟ್‌ವಿಕಿ ಜಾಲತಾಣದಲ್ಲಿ ಯಾರು ಬೇಕಾದರೂ ಕೈಜೋಡಿಸಬಹುದು. ಅಲ್ಲಿಂದ ಶುರು ಮಾಡಿ ಕೋಡಿಗೆ ಹೋಗಬಹುದು. ನೀವು ಕಳಿಸಿದ ಹತ್ತು ಸಾಲನ್ನು ಮುಖ ನೋಡದ ಯಾರೋ ಓದಿ, "ಇಲ್ಲಿ ಖಾಲಿ ಹೆಸರು ಬಂದರೆ ಏನಾಗುತ್ತೆ?" ಅಂತ ಕೇಳ್ತಾರೆ. ಮೊದಲ ಸಲ ಬೇಜಾರಾಗುತ್ತೆ. ಮೂರನೇ ಸಲಕ್ಕೆ ಆ ಪ್ರಶ್ನೆಯನ್ನು ಕಳಿಸುವ ಮೊದಲೇ ನೀವೇ ಕೇಳಿಕೊಳ್ತೀರಿ.

ಎರಡನೆಯದು, ನಿಮ್ಮ ಕಂಪನಿಯಲ್ಲೇ ರಿವ್ಯೂ ಶುರು ಮಾಡಿ. ಮೂರು ಜನ ಇದ್ದರೂ ಸಾಕು. ಒಬ್ಬರು ಓದದೆ ಇನ್ನೊಬ್ಬರ ಕೋಡ್ ಮಂಡಿಗೋ ಆಸ್ಪತ್ರೆಗೋ ಹೋಗಬಾರದು ಅಂತ ನಿಮ್ಮನಿಮ್ಮಲ್ಲೇ ಮಾಡಿಕೊಳ್ಳಿ. ನಮ್ಮ ಹಳೆಯ ಕಂಪನಿಯಲ್ಲಿ ಇದನ್ನು ಯಾರೂ ಹೇಳಲಿಲ್ಲ. ನನಗೂ ಹೊಳೆಯಲಿಲ್ಲ. ಆ ಕೊರತೆ ಇವತ್ತಿಗೂ ಕಾಡುತ್ತೆ.

ಮೂರನೆಯದು ಬರವಣಿಗೆ. ನಾನು ಈಗ ತೀರ್ಥಹಳ್ಳಿಯಿಂದ ಕೆಲಸ ಮಾಡ್ತೀನಿ. ನನ್ನ ಟೀಮಿನವರು ನನ್ನ ಮುಖ ನೋಡೋದು ವಾರಕ್ಕೆ ಎರಡು ಸಲ. ಉಳಿದ ದಿನ ನಾನು ಅಂದರೆ ನಾನು ಬರೆದಿದ್ದು. ಏನು ತೊಂದರೆ, ಏನೇನು ನೋಡಿದೆ, ಯಾವ ದಾರಿ ಬಿಟ್ಟೆ, ಯಾಕೆ ಬಿಟ್ಟೆ ಅಂತ ಒಂದು ಪುಟ ಬರೆಯೋಕೆ ಬಂದರೆ ದೂರದಿಂದ ಕೆಲಸ ಸಿಗುತ್ತೆ, ಉಳಿಯುತ್ತೆ. ಇಂಗ್ಲಿಷ್ ಹರಳು ಹುರಿದ ಹಾಗೆ ಮಾತಾಡೋಕೆ ಬರಬೇಕಿಲ್ಲ. ಸಣ್ಣ ಸಣ್ಣ ವಾಕ್ಯ ತಪ್ಪಿಲ್ಲದೆ ಬರೆದರೆ ಸಾಕು. ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ನಾನು ಈಗಲೂ ಕಷ್ಟದ ವಿಷಯವನ್ನು ಹಾಗೇ ಯೋಚಿಸೋದು. ಮತ್ತೆ ಮಳೆಗಾಲಕ್ಕೆ ಮುಂಚೆ ಒಂದು ಒಳ್ಳೆಯ ಇನ್ವರ್ಟರ್, ಎರಡು ಕಂಪನಿಯ ಇಂಟರ್ನೆಟ್ ಮಾಡಿಟ್ಟುಕೊಳ್ಳಿ. ಜುಲೈನಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ನಾಲ್ಕು ವರ್ಷಕ್ಕೆ ತಡ ಏನೂ ಆಗಿಲ್ಲ. ನಾನು ಬೆಂಗಳೂರಿಗೆ ಹೋದಾಗ ನನ್ನದೂ ಸರಿಯಾಗಿ ನಾಲ್ಕು ವರ್ಷ ಆಗಿತ್ತು. ಅಲ್ಲಿಯವರೆಗೆ ನನ್ನ ಒಂದು ಸಾಲನ್ನೂ ಯಾರೂ ಓದಿರಲಿಲ್ಲ.

ನಿಮ್ಮ ಕಂಪನಿಯ ಕೋಡ್ ಬೇಡ. ನಿಮ್ಮದೇ ಸ್ವಂತದ್ದು ಏನಾದರೂ ನೂರು ಸಾಲು ಕೋಡ್ ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್‌ನಲ್ಲಿ ಹಾಕಿ, ಇದು ಯಾರಿಗಾಗಿ ಬರೆದಿದ್ದು ಅಂತ ಮೇಲೆ ನಾಲ್ಕು ಸಾಲು ಕನ್ನಡದಲ್ಲಿ ಬರೆದು, ಇಲ್ಲೇ ಕೆಳಗೆ ಕೊಂಡಿ ಕೊಡಿ. ಭಾನುವಾರ ಬೆಳಿಗ್ಗೆ ನನಗೆ ಬಿಡುವಿರುತ್ತೆ. ಓದಿ, ನನಗೆ ಬರುವ ಪ್ರಶ್ನೆಗಳನ್ನೆಲ್ಲ ಅಲ್ಲೇ ಬರೀತೀನಿ.